ಹಳೆಯ ಪ್ಲೇಯರು ಓದದ ಡಿಸ್ಕು

ನಮ್ಮ ಮನೆಯಲ್ಲಿ ಏನಾದರೂ ಕೆಟ್ಟರೆ ಮೊದಲು ನನ್ನನ್ನು ಕೂಗುತ್ತಾರೆ, ಆಮೇಲೆ ರಿಪೇರಿಯವನನ್ನು. ಮಿಕ್ಸರು, ಇಸ್ತ್ರಿಪೆಟ್ಟಿಗೆ, ನೀರಿನ ಮೋಟರು, ಎಲ್ಲವನ್ನೂ ನಾನು ಬಿಚ್ಚಿ ನೋಡಿದ್ದೇನೆ. ಬಿಚ್ಚಿದ್ದರಲ್ಲಿ ಹೆಚ್ಚಿನವನ್ನು ಮತ್ತೆ ಜೋಡಿಸಿಯೂ ಇದ್ದೇನೆ. ಇಚಲಕರಂಜಿಯಲ್ಲಿ ಮಗ್ಗದ ಶೆಡ್ಡಿನ ಪಕ್ಕದಲ್ಲೇ ಹುಟ್ಟಿ ಬೆಳೆದವಳು ನಾನು, ಮದುವೆಯಾಗಿ ಬಂದದ್ದೂ ಮಗ್ಗದ ಮನೆಗೇ. ಶೆಡ್ಡಿನಲ್ಲಿ ಯಾವ ಮಗ್ಗದ ಸದ್ದು ತಾಳ ತಪ್ಪಿದೆ ಅಂತ ಅಡುಗೆಮನೆಯಿಂದಲೇ ಹೇಳಬಲ್ಲೆ. ಇದನ್ನು ಜಂಭ ಅನ್ನುವವರು ಅನ್ನಲಿ. ನನ್ನ ಅತ್ತೆಯಂತೂ ದಿನಾ ಅನ್ನುತ್ತಿದ್ದರು. "ನಿನಗ ಗೊತ್ತಿಲ್ಲದ್ದು ಜಗತ್ತಿನಾಗ ಏನರ ಉಳದೈತೇನವಾ?" ನಾನೂ ಸುಮ್ಮನಿರುತ್ತಿರಲಿಲ್ಲ. "ಐತ್ರಿ ಅತ್ಯಾರ, ನಿಮ್ಮ ಮನಸ್ಸಿನಾಗಿಂದು ಒಂದು" ಅನ್ನುತ್ತಿದ್ದೆ.

ನಾನು ಹೇಳಹೊರಟದ್ದು ಆ ಮನಸ್ಸಿನೊಳಗಿನ ಸಂಗತಿಯನ್ನೇ. ಅತ್ತೆಗೆ ಒಬ್ಬಳೇ ತಂಗಿ. ನಮಗೆಲ್ಲ ಅವರು ಮಾವಶಿ. ತಾಯಿ ಬೇಗ ಹೋದದ್ದರಿಂದ ಆ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅತ್ತೆಯೇ. ಮಾವಶಿ ಮದುವೆ ಬೇಡ ಎಂದು ನಾಂದಣಿಯ ತವರಿನಲ್ಲಿ ಅಣ್ಣನ ಜೊತೆಗೇ ಉಳಿದರು. ಬಸದಿಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು, ಹಬ್ಬಕ್ಕೆ ನಮ್ಮ ಮನೆಗೆ ಬಂದು ಹೋಗಿ ಮಾಡುತ್ತಿದ್ದರು. ಒಂದು ಚಾತುರ್ಮಾಸದಲ್ಲಿ ಅವರು ಗುರುಗಳ ಮುಂದೆ ತೆಂಗಿನಕಾಯಿ ಇಟ್ಟು ಸಂಸಾರ ಬಿಟ್ಟು ಮಾತಾಜಿ, ಅಂದರೆ ಜೈನ ಸನ್ಯಾಸಿನಿ, ಆಗುವ ದೀಕ್ಷೆ ಬೇಡಿದರು. ಆ ಸುದ್ದಿ ಅತ್ತೆಗೆ ತಂಗಿಯ ಬಾಯಿಂದ ಬರಲಿಲ್ಲ, ಕಾಯಿಪಲ್ಯೆ ಕೊಳ್ಳಲು ಹೋದಾಗ ಓಣಿಯವರೊಬ್ಬರು "ನಿಮ್ಮ ತಂಗಿ ಭಾಳ ಪುಣ್ಯವಂತಿ ಬಿಡ್ರಿ" ಎಂದಾಗ ತಿಳಿಯಿತು. ಅತ್ತೆ ಮೆಂತ್ಯದ ಸಿವುಡು ಅಲ್ಲೇ ಇಟ್ಟು ಮನೆಗೆ ಬಂದರು. ದೀಕ್ಷೆ ತಪ್ಪು ಅಂತ ಅವರು ಒಮ್ಮೆಯೂ ಅನ್ನಲಿಲ್ಲ. "ನನಗ ಒಂದ ಮಾತು ಹೇಳಬೇಕಾಗಿತ್ತು" ಅನ್ನುವುದನ್ನು ಮಾತ್ರ ಪಾತ್ರೆ ತಿಕ್ಕುವಾಗ, ಹಾಸಿಗೆ ಮಡಿಸುವಾಗ, ಯಾರೂ ಕೇಳದಿದ್ದಾಗಲೂ ಅನ್ನುತ್ತಿದ್ದರು.

ದೀಕ್ಷೆಯ ದಿನ ನಾಂದಣಿ ಕಡೆಯ ಒಂದು ಹೊಲದಲ್ಲಿ ದೊಡ್ಡ ಮಂಟಪ ಹಾಕಿದ್ದರು. ಎಲ್ಲರೂ ಅತ್ತೆಗಾಗಿ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದರೆ ಅವರು ಸೀದಾ ಹಿಂದಿನ ಅಡುಗೆ ಚಪ್ಪರಕ್ಕೆ ಹೋದರು. "ಬಂದ ಮಂದೀಗೆ ಅಡಿಗಿ ಯಾರು ನೋಡಬೇಕು?" ಅಡುಗೆಗೆ ಆಳುಗಳು ಬೇಕಾದಷ್ಟಿದ್ದರು. ಮಾವಶಿಗೆ ಉಡಿ ತುಂಬುವಾಗಲೂ ಅತ್ತೆ ಬರಲಿಲ್ಲ, ಹಿರಿಯ ಸೊಸೆ ಅಂತ ನಾನೇ ತುಂಬಿದೆ.

ತಲೆಗೂದಲನ್ನು ಕೈಯಿಂದಲೇ ಕೀಳುವ ಕೇಶಲೋಚಕ್ಕೆ ಕೂರುವ ಮೊದಲು ದೀಕ್ಷೆ ಪಡೆಯುವವರು ಮಂದಿಯ ಎದುರು ನಿಂತು ಎಲ್ಲರ ಕ್ಷಮೆ ಕೇಳಬೇಕು, ಮನೆಯವರ ಅನುಮತಿ ಪಡೆಯಬೇಕು. ಮಾವಶಿ ನಿಂತರು. ಬಾಯಿ ತೆರೆದರೋ ಇಲ್ಲವೋ, ಜಯಕಾರ ಎದ್ದಿತು, ಬ್ಯಾಂಡಿನವರು ಬಾರಿಸತೊಡಗಿದರು. ಮುಂದೆಯೇ ಇದ್ದ ನನಗೂ ಒಂದಕ್ಷರ ಕೇಳಲಿಲ್ಲ. ಅವರು ಕೈ ಮುಗಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಉಪವಾಸದಿಂದ ನಿತ್ರಾಣವಾಗಿರಬೇಕು ಅಂತ ನನ್ನ ಪಕ್ಕದವರು ಅಂದರು. ಆಮೇಲೆ ಕೂತರು. ಕೂದಲು ಹೋಯಿತು, ಬಿಳಿ ಸೀರೆ ಬಂತು, ಕೈಗೆ ನವಿಲುಗರಿಯ ಪಿಂಛಿ ಬಂತು. ಅಲ್ಲಿಗೆ ಅವರು ಯಾರ ತಂಗಿಯೂ ಅಲ್ಲ, ಯಾರ ಮಾವಶಿಯೂ ಅಲ್ಲ.

ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಹಿಡಿದು ಕೂರಿಸಿದರು. "ಖರೇ ಹೇಳು. ನನ್ನ ಕ್ಷಮಾ ಕೇಳಿದ್ಳೇನು?"

"ಎಲ್ಲಾರ್ದೂ ಕೇಳ್ಯಾರ್ರೀ ಅತ್ಯಾರ."

"ಎಲ್ಲಾರ್ದೂ ಅಂದ್ರ? ನಾ ಎಲ್ಲಾರಾಗ ಒಬ್ಬಾಕಿ ಏನು?"

ಮಾವಶಿಯನ್ನೇ ಹೋಗಿ ಕೇಳೋಣವೆಂದರೆ ಮಾತಾಜಿ ಆದವರು ಊರಿಂದೂರಿಗೆ ಬರಿಗಾಲಲ್ಲಿ ವಿಹಾರ ಮಾಡುತ್ತ ದೂರ ಹೋಗಿಬಿಟ್ಟಿದ್ದರು. ಹತ್ತಿರವಿದ್ದಾಗಲೂ ದೂರದಿಂದ ಕೈ ಮುಗಿದು "ವಂದಾಮಿ" ಅನ್ನಬಹುದು, ಧರ್ಮದ ಮಾತು ಕೇಳಬಹುದು. ಅಂದು ನೀ ನನ್ನ ನೆನೆಸಿದೆಯಾ ಇಲ್ಲವಾ ಅಂತ ಸಂಸಾರದ ಲೆಕ್ಕ ಅವರ ಮುಂದೆ ತೆಗೆಯುವಂತಿಲ್ಲ. ನೆಂಟರು ಮೊಬೈಲಿನಲ್ಲಿ ಹಿಡಿದ ತುಣುಕುಗಳನ್ನು ಅತ್ತೆ ಕಣ್ಣಿಗೆ ಒತ್ತಿಕೊಂಡು ನೋಡಿದರು. ಅದರಲ್ಲಿ ಮಾವಶಿಯ ಮುಖ ಅಕ್ಕಿಕಾಳಿನಷ್ಟು, ಸದ್ದೆಲ್ಲ ಬ್ಯಾಂಡಿನದು.

ಹೀಗಿರುವಾಗ ಕೊಲ್ಲಾಪುರದ ನೆಂಟರೊಬ್ಬರು ಡಿಸ್ಕು ತಂದುಕೊಟ್ಟರು. ದೀಕ್ಷೆಯನ್ನು ದೊಡ್ಡ ಕ್ಯಾಮೆರಾದಲ್ಲಿ ತೆಗೆಸಿದವರು ಅವರೇ. ಮಾಡುವುದಾದರೆ ಎಲ್ಲ ಉಂಚೀದೇ, ದುಬಾರಿಯದೇ ಮಾಡಬೇಕು ಅನ್ನುವ ಪೈಕಿ. "ಫುಲ್ ಎಚ್‌ಡಿ ಐತ್ರಿ ವೈನಿ, ಹಣೀಮ್ಯಾಗಿನ ಬೆವರ ಹನಿ ಸೈತ ಕಾಣ್ತೈತಿ" ಎಂದರು. ಕ್ಯಾಮೆರಾದವನು ಮುಂದಿನ ಮದುವೆಗೆ ಆ ಕಾರ್ಡಿನಲ್ಲೇ ತೆಗೆದು ಹಳೆಯದನ್ನು ಅಳಿಸಿದ್ದ. ಅಂದರೆ ಉಳಿದದ್ದು ಇದೊಂದೇ. ನೀಲಿ ಡಬ್ಬಿಯಲ್ಲಿತ್ತು. ಮನೆಯಲ್ಲಿದ್ದ ಎಲ್ಲ ಡಿಸ್ಕುಗಳ ಹಾಗೇ ಗುಂಡಗೆ, ಅಷ್ಟೇ ಅಗಲಕ್ಕೆ, ನಡುವೆ ಅಷ್ಟೇ ತೂತು.

ಅತ್ತೆ ಅದನ್ನು ಕೂಡಲೇ ನೋಡಲು ಬಿಡಲಿಲ್ಲ. ಒಳಗೆ ಮಾತಾಜಿ ಇದ್ದಾರೆ, ಒಳ್ಳೆಯ ತಿಥಿ ನೋಡಿ ಹಾಕೋಣ ಎಂದು ದೇವರ ಕೋಣೆಯಲ್ಲಿಟ್ಟರು. ಅಷ್ಟಮಿಯ ಬೆಳಿಗ್ಗೆ ಪೂಜೆ ಮುಗಿಸಿ, ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ತಂದು ನನ್ನ ಕೈಗಿತ್ತರು. ಟಿವಿಯ ಕೆಳಗೆ ಮಕ್ಕಳು ಸಣ್ಣವರಿದ್ದಾಗ ತಂದ ಡಿವಿಡಿ ಪ್ಲೇಯರಿತ್ತು. ಡಿಸ್ಕು ಹಾಕಿದೆ. ಒಳಗೆ ಗಿರ್ರ್ ಅಂತ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಡಿಸ್ಕು ಇಲ್ಲ ಅಂತ ತೆರೆಯ ಮೇಲೆ ಬಂತು.

ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಹೊಳೆಯುವ ಮೈ ಮೇಲೆ, ತೂತಿನ ಸುತ್ತ, ಹಳದಿ ಗಂಧದ ಬೊಟ್ಟುಗಳು. ಬೆರಳಿನಿಂದ ಒತ್ತಿ ಒತ್ತಿ ಇಟ್ಟದ್ದು, ಚೆನ್ನಾಗಿ ಒಣಗಿತ್ತು.

"ಇದೇನ್ರಿ ಅತ್ಯಾರ?"

"ಹೊಳಿಯೂದ ಮುಖ ಅಲ್ಲೇನ? ಮುಖಕ್ಕ ಹಚ್ಚೇನಿ." ಅಷ್ಟು ಹೇಳಿ ನನ್ನ ಮುಖ ನೋಡಿದರು. "ಹಚ್ಚಬಾರದಾಗಿತ್ತೇನು?"

ನನಗೆ ನಗುವೂ ಬಂತು, ಸಿಟ್ಟೂ ಬಂತು. ಹತ್ತಿಯನ್ನು ನೀರಿನಲ್ಲಿ ನೆನೆಸಿ ನಿಧಾನವಾಗಿ ಒರೆಸಿದೆ. ಮತ್ತೆ ಹಾಕಿದೆ. ಮತ್ತೆ ಡಿಸ್ಕು ಇಲ್ಲ ಅಂತಲೇ ಬಂತು. ಪ್ಲೇಯರು ಕೆಟ್ಟಿದೆಯಾ ನೋಡಲು ನನ್ನ ಮದುವೆಯ ಡಿಸ್ಕು ಹಾಕಿದೆ. ಅದು ಸರಾಗ ಓಡಿತು, ನಾನು ತಲೆ ಬಗ್ಗಿಸಿ ಕೂತದ್ದು, ನಮ್ಮ ಮನೆಯವರು ಹೊಸ ಕೋಟಿನಲ್ಲಿ ಬೆವರುತ್ತಿದ್ದುದು, ಎಲ್ಲ ಬಂತು. ಅತ್ತೆ ಅದನ್ನು ನೋಡುತ್ತ ನೋಡುತ್ತ ನೆಲದ ಮೇಲೆ ಕೂತರು.

"ನಿಂದು ನಡದೈತಿ. ನನ್ನ ತಂಗೀದು ನಡೀವಲ್ತು. ಕೆಟ್ಟದ್ದು ಯಾವುದು ಅಂತ ನೀನ ಹೇಳು."

ನಾನು ಪ್ಲೇಯರನ್ನು ಪರೀಕ್ಷೆ ಮಾಡಲು ಹೋಗಿ ಅತ್ತೆಯ ವಿರುದ್ಧ ಸಾಕ್ಷಿ ಒದಗಿಸಿದಂತಾಯಿತು. ಆ ದಿನ ಅವರು ನೀರೂ ಮುಟ್ಟಲಿಲ್ಲ. "ನಾ ಆಕೀಗೆ ಒಳ್ಳೆ ಮನಸ್ಸಿನಿಂದ ಹೋಗು ಅನ್ನಲಿಲ್ಲ. ಅದಕ್ಕ ನನ್ನ ಕೈಲೇ ನಾಶ ಆತು" ಎಂದು ಹೇಳಿದ್ದನ್ನೇ ಹೇಳುತ್ತ ಕೂತರು. ಕರ್ಮದ ಲೆಕ್ಕ ನನಗೆ ತಿಳಿಯದು. ಆದರೆ ಎರಡು ಬೊಟ್ಟು ಗಂಧಕ್ಕೆ ಇಡೀ ಡಿಸ್ಕು ಸಾಯುವುದಿಲ್ಲ ಅನ್ನುವುದು ನನಗೆ ಖಾತ್ರಿಯಿತ್ತು. ಗಂಧ ಅಡ್ಡ ಬಂದರೆ ಚಿತ್ರ ಎಡವುತ್ತದೆ, ನಿಲ್ಲುತ್ತದೆ, ಚೌಕ ಚೌಕವಾಗಿ ಒಡೆಯುತ್ತದೆ. ಒರೆಸಿದ ಮೇಲೂ ಪ್ಲೇಯರು ಡಿಸ್ಕನ್ನೇ ಗುರುತಿಸುತ್ತಿಲ್ಲವೆಂದರೆ ಕಾರಣ ಬೇರೆ ಇರಬೇಕು.

ಸಂಜೆ ನಮ್ಮ ಮನೆಯವರು ಶೆಡ್ಡಿನಿಂದ ಬಂದು ತಮ್ಮ ಪಾಲಿನ ಶೋಧ ಮಾಡಿದರು. ಪ್ಲೇಯರಿನ ಮುಂದಿನ ಅಂಟುಚೀಟಿ ತೋರಿಸಿ, "ಇದರ ಮ್ಯಾಲೂ ಎಚ್‌ಡಿ ಅಂತ ಬರದೈತಿ. ಎಚ್‌ಡಿ ಯಂತ್ರ, ಎಚ್‌ಡಿ ಡಿಸ್ಕು. ನಡೀಬೇಕಲ್ಲ?" ಎಂದರು. ಅವರ ಈ ತರ್ಕವನ್ನು ಆಮೇಲೆ ಓಣಿಯಲ್ಲಿ ಎಷ್ಟೋ ಜನರ ಬಾಯಲ್ಲಿ ಕೇಳಿದೆ. ಆ ಚೀಟಿಯ ಅರ್ಥ ಅದಲ್ಲ. ಅದು ಹಳೆಯ ಡಿಸ್ಕಿನ ಚಿತ್ರವನ್ನೇ ಹಿಗ್ಗಿಸಿ, ತಿದ್ದಿ, ದೊಡ್ಡ ಟಿವಿಗೆ ಕಳಿಸುತ್ತದೆ, ಅಷ್ಟೇ. ಹಳೆಯ ಧೋತರಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಹೊಸತಾಗಿ ಕಾಣುತ್ತದೆ, ನೂಲು ಮಾತ್ರ ಅದೇ. ಹೊಸ ಡಿಸ್ಕು ಓದುವ ಶಕ್ತಿ ಆ ಚೀಟಿಯಿಂದ ಬರುವುದಿಲ್ಲ.

ನೀಲಿ ಡಬ್ಬಿಯ ಸಣ್ಣ ಅಕ್ಷರಗಳನ್ನೂ ಪ್ಲೇಯರಿನ ಜೊತೆ ಬಂದ ಪುಸ್ತಿಕೆಯನ್ನೂ ಓದಿ, ಮೊಬೈಲಿನಲ್ಲಿ ಹುಡುಕಿ, ಮರುದಿನದ ಹೊತ್ತಿಗೆ ನನಗೆ ವಿಷಯ ಪಕ್ಕಾ ಆಗಿತ್ತು: ಇದು ಡಿವಿಡಿಯಲ್ಲ, ಬ್ಲೂ-ರೇ ಡಿಸ್ಕು. ಅತ್ತೆಯನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಮಗ್ಗದ ಫಣಿ ತೋರಿಸಿದೆ. ಫಣಿ ಅಂದರೆ ಬಾಚಣಿಗೆಯಂಥದು, ಅದರ ಹಲ್ಲುಗಳ ಸಂದಿನಲ್ಲೇ ಎಳೆಗಳು ಹಾಯುವುದು.

"ಅತ್ಯಾರ, ಈ ದಪ್ಪ ಫಣ್ಯಾಗ ಸಣ್ಣ ನೂಲಿನ ಮಲಮಲ್ ನೇಯಾಕ ಬರ್ತೈತೇನ್ರಿ?"

"ಹ್ಯಾಂಗ ಬರ್ತೈತಿ? ಹಲ್ಲ ದೂರ ದೂರ ಅದಾವು."

"ಹಂಗಾದ್ರ ನೂಲು ಕೆಟ್ಟೈತೇನು?"

"ನೂಲು ಯಾಕ ಕೆಡತೈತಿ?" ಎಂದರು.

"ಮಾವಶಿ ಡಿಸ್ಕಿನಾಗ ಗೆರಿ ಭಾಳ ಸಣ್ಣ, ಒತ್ತೊತ್ತಾಗಿ ಅದಾವ್ರಿ. ನಮ್ಮ ಹಳೇ ಪ್ಲೇಯರಿನಾಗ ಗೆರಿ ಓದೂ ಕೆಂಪು ಬೆಳಕು ದಪ್ಪಂದು, ಆ ಗೆರೀ ಮ್ಯಾಲ ಕೂಡಂಗಿಲ್ಲ. ಅದಕ್ಕ ಸಣ್ಣ ನೀಲಿ ಬೆಳಕಿನ ಯಂತ್ರ ಬೇಕು. ಆ ಹೊಸಾ ಯಂತ್ರ ನನ್ನ ಮದುವಿ ಡಿಸ್ಕೂ ಓಡಿಸ್ತೈತಿ. ಹಳೇದು ಮಾತ್ರ ಹೊಸಾದನ್ನ ಓಡಸಂಗಿಲ್ಲ."

ಅತ್ತೆ ಫಣಿಯ ಹಲ್ಲುಗಳ ಮೇಲೆ ಬೆರಳಾಡಿಸಿದರು. "ನೀ ಹೇಳೂದು ಖರೇ ಇದ್ರ ತೋರಿಸು" ಎಂದರು. ಅಂದು ಊಟ ಮಾಡಿದರು.

ತೋರಿಸುವುದು ಅಷ್ಟು ಸುಲಭವಾಗಿರಲಿಲ್ಲ. ತಂದುಕೊಟ್ಟ ನೆಂಟರ ಮನೆಯಲ್ಲೂ ಅಂಥ ಯಂತ್ರವಿರಲಿಲ್ಲ, ಕ್ಯಾಮೆರಾದವನು ಡಿಸ್ಕನ್ನು ದೂರದ ಊರಿನಲ್ಲಿ ಮಾಡಿಸಿ ತಂದಿದ್ದನಂತೆ. ನಮ್ಮ ಊರಿನ ಅಂಗಡಿಯವನೊಬ್ಬನು ಲೆನ್ಸ್ ಬದಲಿಸಿದರೆ ಹಳೆಯ ಪ್ಲೇಯರಿನಲ್ಲೇ ಓಡುತ್ತದೆ ಎಂದ. ನೀ ಹಾಕುವ ಲೆನ್ಸೂ ಡಿವಿಡಿಯದೇ ಅಲ್ಲವೇನಪ್ಪ, ಅದರ ಹಿಂದಿನ ಬೆಳಕೂ ಕೆಂಪೇ ಅಲ್ಲವೇನಪ್ಪ ಅಂತ ಕೇಳಿದಾಗ ಬೇರೆ ಗಿರಾಕಿಯ ಕಡೆ ತಿರುಗಿದ. ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಹಾಕಿ ನೋಡೋಣ ಎಂದವರಿಗೂ ಅದರ ಡ್ರೈವು ಡಿವಿಡಿಯದು ಅಂತ ತೋರಿಸಿ ಕಳಿಸಿದೆ. ಒಂದು ದಿನ ಕೊಲ್ಲಾಪುರಕ್ಕೆ ಹೋಗಿ ಅಂಗಡಿ ಅಂಗಡಿ ಸುತ್ತಿದೆ. "ಆತಾ ಡಿಸ್ಕ್ ಕೋಣ್ ಬಘತಂಯ್ ವಹಿನಿ?" ಎಂದು ಎಲ್ಲರೂ ಕೇಳುವವರೇ. ಈಗ ಡಿಸ್ಕು ಯಾರು ನೋಡುತ್ತಾರೆ ಅಂತ. ನಮ್ಮ ಅತ್ತೆ ನೋಡುತ್ತಾರಪ್ಪ ಎಂದೆ. ಕೊನೆಗೆ ಅಂಗಡಿಯವರೊಬ್ಬರು ನೆನಪು ಮಾಡಿಕೊಂಡರು. ಬಹಳ ಹಿಂದೆ ಗಡಹಿಂಗ್ಲಜದ ಒಬ್ಬ ಮೆಣಸಿನಕಾಯಿ ವ್ಯಾಪಾರಿಗೆ ಬ್ಲೂ-ರೇ ಪ್ಲೇಯರು ಮಾರಿದ್ದರಂತೆ. ಸಿನಿಮಾ ಹುಚ್ಚಿನ ಮನುಷ್ಯ, ಖಂಡಿತ ಇಟ್ಟುಕೊಂಡಿರುತ್ತಾರೆ ಎಂದು ಅಲ್ಲಿಂದಲೇ ಫೋನು ಹಚ್ಚಿ ಕೊಟ್ಟರು. ಆ ವ್ಯಾಪಾರಿ ನನ್ನ ಕತೆಯನ್ನೆಲ್ಲ ಕೇಳಿ ಒಂದೇ ಮಾತು ಹೇಳಿದರು: "ಯಂತ್ರ ಹೊರಗ ಕೊಡಂಗಿಲ್ರಿ. ನೀವ ಬರ್ರಿ, ಚಾ ಕುಡದು ನೋಡಕೊಂಡು ಹೋಗ್ರಿ."

ಅತ್ತೆ ಹೊರಗಿನ ಚಹಾ ಮುಟ್ಟುವವರಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕಾಯಿಸಿ ಆರಿಸಿದ ನೀರು, ಹಾಲಿನಲ್ಲಿ ಕಲಸಿದ ದಶಮಿ ರೊಟ್ಟಿ ಕಟ್ಟಿಕೊಂಡು ಬೆಳಿಗ್ಗೆಯೇ ಎಸ್‌ಟಿ ಬಸ್ಸು ಹತ್ತಿದೆವು. ನಿಪ್ಪಾಣಿ ದಾಟುವವರೆಗೂ ಅತ್ತೆ ಡಿಸ್ಕಿದ್ದ ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದಿದ್ದರು. ಆಮೇಲೆ ಕೇಳಿದರು, "ಡಿಸ್ಕು ನಡೀತು ಅಂತ ತಿಳಿ. ಆಕಿ ನನ್ನ ಕಡೆ ನೋಡೇ ಇಲ್ಲಂದ್ರ?"

"ಹಂಗೇನ ಆಗಂಗಿಲ್ರಿ."

"ಯಂತ್ರದ್ದು ನಿನಗ ಗೊತ್ತಿರಬಹುದು. ನನ್ನ ತಂಗೀದು ನಿನಗೇನ ಗೊತ್ತು?"

ಆ ಮಾತಿಗೆ ನಾನು ಕಿಟಕಿಯ ಆಚೆ ನೋಡಿದೆ. ನನಗೂ ಆಗ ಭಯವಾಯಿತು. ಕಾಣದೆ ಇದ್ದರೆ ಅನುಮಾನವಾದರೂ ಉಳಿಯುತ್ತದೆ, ಕಂಡ ಮೇಲೆ ಅದೂ ಇರುವುದಿಲ್ಲ. ಆದರೂ ವಾಪಸ್ ಹೋಗೋಣ ಅಂತ ನನ್ನ ಬಾಯಿಂದ ಬರಲಿಲ್ಲ. ಅತ್ತೆಯ ಬಾಯಿಂದಲೂ ಬರಲಿಲ್ಲ.

ವ್ಯಾಪಾರಿಯ ಮನೆ ಮೆಣಸಿನಕಾಯಿ ಗೋದಾಮಿನ ಮೇಲಿತ್ತು. ಮೆಟ್ಟಿಲು ಹತ್ತುವಾಗಲೇ ಇಬ್ಬರಿಗೂ ಸೀನು ಶುರುವಾಯಿತು. ಅವರು ನಮ್ಮನ್ನು ಒಳಗೆ ಕರೆದು, ಘಾಟು ಬರದ ಹಾಗೆ ಬಾಗಿಲು ಹಾಕಿ, ಸಂದಿಗೆ ಬಟ್ಟೆ ತುರುಕಿದರು. ತುಂಬಿದ ಮೈಯ, ಬಿಳಿ ಮೀಸೆಯ ಮನುಷ್ಯ. ಯಂತ್ರದ ಮೇಲೆ ಹೊದಿಸಿದ್ದ ಕಸೂತಿಯ ಬಟ್ಟೆ ತೆಗೆದದ್ದು ನೋಡಿದರೆ ಮಗುವಿನ ತೊಟ್ಟಿಲ ಪರದೆ ಸರಿಸಿದ ಹಾಗಿತ್ತು. ಡಿಸ್ಕನ್ನು ಅಂಚಿನಲ್ಲಿ ಹಿಡಿದು ತಿರುಗಿಸಿ, ತೂತಿನ ಬಳಿ ಇನ್ನೂ ಉಳಿದಿದ್ದ ಹಳದಿ ಕಂಡು ಕೇಳಿದರು.

"ಇದೇನ್ರಿ, ಅರಿಷಿಣ?"

"ಗಂಧ" ಎಂದರು ಅತ್ತೆ, ನೆಲ ನೋಡುತ್ತ.

"ಇರ್ಲಿ ಬಿಡ್ರಿ. ನಮ್ಮ ಯಂತ್ರಕ್ಕೂ ಪುಣ್ಯ ಬರ್ಲಿ" ಎಂದು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಒಳಗಿಟ್ಟರು. ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ದೊಡ್ಡ ಟಿವಿಯ ತುಂಬ ಆ ಹೊಲ, ಆ ಮಂಟಪ ಬಂದು ನಿಂತಿತು.

"ನಾ ಹೇಳಿರಲಿಲ್ಲೇನ್ರಿ?" ಎಂದೆ. ಅನ್ನದೆ ಇರಲು ನನ್ನಿಂದ ಆಗುತ್ತಿರಲಿಲ್ಲ. ಅತ್ತೆ ಕೇಳಿಸಿಕೊಳ್ಳಲೇ ಇಲ್ಲ. ಅವರು ಆಗಲೇ ತೆರೆಯ ಹತ್ತಿರ ಸರಿದು ಕೂತಿದ್ದರು.

ಚಿತ್ರ ಅಷ್ಟು ನಿಚ್ಚಳವಾಗಿತ್ತು. ಮಾವಶಿಯ ಅಂಗೈಯ ಮೆಹಂದಿ, ಉಡಿಯಲ್ಲಿ ನಾನು ಹಾಕಿದ ಅಕ್ಕಿ, ಕೊರಳಿನಲ್ಲಿ ಚಿಕ್ಕಂದಿನ ಸುಟ್ಟ ಕಲೆ. ಆ ಕಲೆ ಕಂಡು ಅತ್ತೆ ಕೈ ಚಾಚಿದರು. "ಹಾಲು ಉಕ್ಕಿ ಬಿದ್ದಿತ್ತು, ನಾನ ಎತಗೊಂಡು ಓಡಿದ್ದೆ" ಎಂದರು, ಯಾರಿಗೋ.

ಕ್ಷಮೆಯ ಹೊತ್ತು ಬಂತು. ಇಲ್ಲೂ ಜಯಕಾರ, ಇಲ್ಲೂ ಬ್ಯಾಂಡು, ಒಂದು ಶಬ್ದ ಕೇಳದು. ಆದರೆ ಕಣ್ಣು ಎಲ್ಲಿ ಹೋಯಿತು ಅನ್ನುವುದು ಸ್ವಚ್ಛ ಕಾಣುತ್ತಿತ್ತು. ಮಾವಶಿ ಗುರುಗಳ ಕಡೆ ತಿರುಗಿ ಕೈ ಮುಗಿದರು. ಅಣ್ಣನ ಕಡೆ, ನಮ್ಮ ಕಡೆ, ಹೆಂಗಸರ ಕಡೆ. ಆಮೇಲೆ ಮಂದಿಯ ಮೇಲಿಂದ ದೂರ ಹಿಂದಕ್ಕೆ ನೋಡಿದರು, ಕತ್ತು ಎತ್ತಿ, ಹುಡುಕಿ. ಕಣ್ಣು ಒಂದು ಕಡೆ ನಿಂತಿತು. ಕೈ ಮತ್ತೆ ಮೇಲಕ್ಕೆ ಬಂತು. ತುಟಿ ಅಲುಗಿತು. ಮುಗಿದ ಕೈ ಇಳಿಯಲಿಲ್ಲ, ಅವರು ಯಾರದೋ ಒಪ್ಪಿಗೆಗಾಗಿ ಕಾಯುತ್ತಿದ್ದರು. ನಿತ್ರಾಣ ಅಂತ ನಾವು ಅಂದುಕೊಂಡದ್ದು ಅದನ್ನೇ.

ಕ್ಯಾಮೆರಾದವನು ಅವರು ನೋಡಿದ ಕಡೆ ಕ್ಯಾಮೆರಾ ತಿರುಗಿಸಿದ್ದ. ಹಿಂದೆ ಅಡುಗೆ ಚಪ್ಪರದ ತಗಡು, ಅದರ ಬಾಯಲ್ಲಿ ಹಸಿರು. ಮೊಬೈಲಿನಲ್ಲಿ ಅದನ್ನು ನಾವು ಬಾಳೆಎಲೆಯ ರಾಶಿ ಎಂದುಕೊಂಡಿದ್ದೆವು. ಇಲ್ಲಿ ಅದು ಹಸಿರು ಸೀರೆ, ಕೆಂಪು ಅಂಚು, ಮೊಣಕೈವರೆಗೆ ಹಿಟ್ಟು. ನಿಂತವರು ಮಂಟಪಕ್ಕೆ ಬೆನ್ನು ಮಾಡಿದ್ದರು.

ವ್ಯಾಪಾರಿ ಕೈಯಲ್ಲಿದ್ದ ರಿಮೋಟು ಒತ್ತಿದರು. ಚಿತ್ರ ನಿಂತಿತು. ಆ ಸೀರೆಯನ್ನು ಒಗೆದು ಮಡಿಸಿದವಳು ನಾನೇ.

"ಅದು ನಾನು" ಎಂದರು ಅತ್ತೆ.

"ಅತ್ಯಾರ, ಗದ್ದಲದಾಗ ನಿಮಗ ಕಂಡಿರಾಕಿಲ್ರಿ..."

"ಕಂಡಿದ್ಳು. ಕಂಡಾಗ ಹೊಳ್ಳಿ ನಿಂತೆ." ಅತ್ತೆ ತೆರೆಯನ್ನೇ ನೋಡುತ್ತ ಹೇಳಿದರು. "ನಾ ಒಳಗ ಅಡಿಗೀ ಮುಂದ ಇದ್ದೆ ಅಂತ ಎಷ್ಟ ಸಲ ಅಂದೇನಿ, ನನಗೂ ಅದ ಖರೇ ಅನಿಸಿ ಹೋಗಿತ್ತು."

ಕೆಳಗೆ ಯಾರೋ ಮೆಣಸಿನಕಾಯಿ ಚೀಲ ಎಳೆಯುವ ಸದ್ದು ಬರುತ್ತಿತ್ತು. ವ್ಯಾಪಾರಿ ನನ್ನ ಕಡೆ ನೋಡಿದರು, ಆರಿಸಲೇ ಅನ್ನುವ ಹಾಗೆ. ಅತ್ತೆಯೇ ಹೇಳಿದರು, "ಅಣ್ಣಾರ, ಸ್ವಲ್ಪ ಹಿಂದ ತಗೋರಿ. ಆಕಿ ಕೈ ಮುಗದಲ್ಲಿ ನಿಂದರಸ್ರಿ."

ಚಿತ್ರ ಹಿಂದೆ ಸರಿಯಿತು. ಮಾವಶಿ ಕತ್ತೆತ್ತಿದರು, ಹುಡುಕಿದರು, ಕೈ ಮುಗಿದರು. ಅಲ್ಲಿಗೆ ನಿಂತಿತು. ಈಗ ಅವರು ನೇರ ನಮ್ಮ ಕಡೆ ನೋಡುತ್ತಿದ್ದರು.

ಅತ್ತೆ ಎದ್ದು ನಿಂತರು. ಸೆರಗನ್ನು ತಲೆಯ ಮೇಲೆ ಸರಿ ಮಾಡಿಕೊಂಡರು. ನಮ್ಮ ಮನೆಯಲ್ಲಿ ಹೊರಟವರಿಗೆ ಹೋಗಿ ಬಾ ಅನ್ನುತ್ತೇವೆ, ಮರಳಿ ಬರುವವರಿಗೆ ಅನ್ನುವ ಮಾತು ಅದು. ಅತ್ತೆ ಕೈ ಜೋಡಿಸಿದರು. ತಂಗಿಯ ಮುಖವನ್ನು ಕಣ್ಣು ಮಿಟುಕಿಸದೆ ನೋಡಿ, ಮೆಲ್ಲಗೆ, ಪಕ್ಕದಲ್ಲಿದ್ದವರಿಗೆ ಹೇಳುವ ಹಾಗೆ, "ಹೋಗು" ಎಂದರು.